ಚಂಚಿಯೊಳಗಿನ ರಿಂಗಿಟ್ಟು

ನಾನು ಒಂದು ಚಂಚಿ. ಎಲೆ ಅಡಿಕೆ ಇಡುವ ಬಟ್ಟೆಯ ಚೀಲ. ಬೆಟಗೇರಿಯ ಓಣಿ ಓಣಿಯಲ್ಲೂ ಮಗ್ಗದ ಸದ್ದು ಕೇಳುತ್ತಿದ್ದ ಕಾಲದಲ್ಲಿ ನೀಲವ್ವ ಎಂಬ ನೇಕಾರ ಹೆಂಗಸು, ಕುಪ್ಪಸ ಹೊಲಿದು ಉಳಿದ ಖಣದ ತುಂಡುಗಳನ್ನು ಜೋಡಿಸಿ ನನ್ನನ್ನು ಹೊಲಿದಳು. ಹೊರಗೆ ಕೆಂಪು ಖಣ, ಒಳಗೆ ಒರಟು ಹತ್ತಿ. ಎಲೆಗೊಂದು ಕಿಸೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಎಲ್ಲಕ್ಕೂ ಒಳಗೆ ಗುಟ್ಟಾಗಿ ರೊಕ್ಕಕ್ಕೊಂದು. ಬಾಯಿಗೆ ದಾರ ಪೋಣಿಸಿ ಎಳೆದು ನೋಡಿದಳು. ಬಾಯಿ ಬಿಗಿಯಾಗಿ ಮುಚ್ಚಿತು. ಅಂದಿನಿಂದ ಅವಳ ಸೊಂಟವೇ ನನ್ನ ಮನೆ.

ನೀಲವ್ವನ ಮಗಳು ದಾನಮ್ಮ ಹಾಕಿ ಆಟಗಾರ್ತಿ, ಗೋಲುಕೀಪರ್. ಹೆಣ್ಣು ಹುಡುಗಿ ಚಡ್ಡಿ ಹಾಕಿಕೊಂಡು ಮೈದಾನದಲ್ಲಿ ಬಿದ್ದೆದ್ದರೆ ಓಣಿಯವರು ಸುಮ್ಮನಿರುತ್ತಾರೆಯೇ? ನೀಲವ್ವ ಮಾತ್ರ ಸಂಜೆಯಾದರೆ ಮಗ್ಗ ಬಿಟ್ಟು ಮೈದಾನದ ಅಂಚಿಗೆ ಬಂದು ಕೂರುತ್ತಿದ್ದಳು. ಚೆಂಡು ಗೋಲಿನ ಹತ್ತಿರ ಬಂದರೆ ಸಾಕು, ಎಲೆ ಮಡಿಸುವುದನ್ನು ನಿಲ್ಲಿಸಿ ನನ್ನ ದಾರವನ್ನು ಹಿಂಡುತ್ತಿದ್ದಳು. ಆಟ ಎಂದರೇನು ಎಂದು ನಾನು ಕಲಿತದ್ದು ಆ ಬೆರಳುಗಳಿಂದ.

ನೀಲವ್ವ ತೀರಿಹೋದ ಮೇಲೆ ಸೊಸೆಯಂದಿರು ಸೀರೆಗಳನ್ನು ಹಂಚಿಕೊಂಡರು. ದಾನಮ್ಮ ನನ್ನನ್ನಷ್ಟೇ ಕೇಳಿ ಪಡೆದಳು. ಆ ಹೊತ್ತಿಗೆ ಅವಳು ಆಟ ಬಿಟ್ಟು, ಗದಗಿನಲ್ಲಿ ಖಾನಾವಳಿ ಹಾಕಿಕೊಂಡಿದ್ದಳು. ನನ್ನನ್ನು ಸೋಪಿನ ನೀರಿನಲ್ಲಿ ತೊಳೆದಳು. ಸುಣ್ಣದ ಕಲೆ ಹೋಗಲಿಲ್ಲ. ಬಹಳ ವರ್ಷ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ಚಿಲ್ಲರೆ ತುಂಬಿಕೊಂಡು, ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ಕಳೆದೆ.

ಐವತ್ತು ದಾಟಿದ ಮೇಲೆ, ಜೊತೆಗೆ ಹಾಕಿ ಆಡಿದ್ದ ಹಳೆಯ ಗೆಳತಿಯರು ಮತ್ತೆ ಮೈದಾನದಲ್ಲಿ ಸೇರಿದರು. ಮೊದಲು ವಾಕಿಂಗ್ ಅಂತ ಬಂದರು, ಆಮೇಲೆ ಕೈಗೆ ಸ್ಟಿಕ್ಕು ಬಂತು. ಸೊಸೆಯಂದಿರು ನಕ್ಕರು, ಗಂಡಂದಿರು ಮಂಡಿಗೆ ಹಚ್ಚುವ ಎಣ್ಣೆ ತಂದಿಟ್ಟರು. ಹೀಗಿರುವಾಗ ಮಲೇಷಿಯಾದ ಒಂದು ಊರಿನಲ್ಲಿ ಹಿರಿಯ ಹೆಂಗಸರ ಹಾಕಿ ಪಂದ್ಯಗಳು ನಡೆಯುತ್ತವೆ, ನೀವೂ ಬನ್ನಿ ಎಂದು ಕರೆ ಬಂತು. ಆಡಿ, ಊರು ನೋಡಿ, ಕೊನೆಯ ದಿನ ದೋಣಿಯಲ್ಲಿ ಸಮುದ್ರದ ನಡುವಿನ ದ್ವೀಪಕ್ಕೆ ಹೋಗಿ ಬರುವುದು ಎಂದು ತೀರ್ಮಾನವಾಯಿತು.

ತಂಡದ ನಾಯಕಿ ಕಮಲಾಬಾಯಿ ಹಬೀಬ ಒಂದೇ ಮಾತಿನಲ್ಲಿ ಹೇಳಿದಳು: "ಗೋಲು ಕಾಯಾಕಿನ ರೊಕ್ಕಾನೂ ಕಾಯ್ಲಿ."

ಎಲ್ಲರ ಖರ್ಚಿನ ಹಣ ದಾನಮ್ಮನ ಕೈಗೆ ಬಂತು. ಅದನ್ನು ಆ ದೇಶದ ರಿಂಗಿಟ್ಟು ಮಾಡಿಸಬೇಕಿತ್ತು. ಮುಂಪಡೆಯ ಆಟಗಾರ್ತಿ ಜೈತುನಬಿ, ದಾನಮ್ಮನ ಚಿಕ್ಕಂದಿನ ಗೆಳತಿ, ಒಂದು ದಾರಿ ಹುಡುಕಿದ್ದಳು. ಪರಿಚಯದವನೊಬ್ಬ ಕಡಿಮೆ ದರಕ್ಕೆ ಕೊಡುತ್ತಾನಂತೆ, ಕಾಗದಪತ್ರ ಏನೂ ಬೇಡವಂತೆ.

"ರಸೀದಿ ಕೊಡ್ತಾನೇನು?" ದಾನಮ್ಮ ಕೇಳಿದಳು.

"ರಸೀದಿ ತಗೊಂಡು ಉಪ್ಪಿನಕಾಯಿ ಹಾಕ್ತೀ ಏನು? ನಾಕು ರೊಕ್ಕ ಉಳೀತಾವು."

"ನಂದಾಗಿದ್ರ ತರ್ತಿದ್ದೆ ಜೈತುನ್. ಇದು ಎಲ್ಲಾರದು. ಖೋಟಾ ನೋಟು ಬಂದ್ರ ಯಾರ ಮುಂದ ಹೋಗಿ ನಿಂದ್ರೂಣು?"

ಜೈತುನಬಿ ಮುಖ ಊದಿಸಿಕೊಂಡಳು. "ಅಧಿಕಾರ ಕೊಟ್ಟಿದ್ದೇ ತಪ್ಪಾತು" ಎಂದು ನಾಲ್ಕು ಜನರ ಮುಂದೆ ಅಂದಳು. ದಾನಮ್ಮ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಪರದೇಶದ ಹಣ ಬದಲಿಸಿಕೊಡುವ ಆ ಅಂಗಡಿಯಲ್ಲಿ ಗಾಜಿನ ಗೋಡೆ, ತಣ್ಣನೆಯ ಗಾಳಿ. ಪಾಸ್‌ಪೋರ್ಟು, ಟಿಕೇಟು ಎಲ್ಲ ನೋಡಿದ ಮೇಲೆ ಅಲ್ಲಿದ್ದವನು, "ದೊಡ್ಡ ನೋಟ ಒಯ್ರಿ ಅಕ್ಕಾರ, ಹಗೂರ ಆಗ್ತದ" ಎಂದ.

"ಚಾ ಕುಡ್ದು ದೊಡ್ಡ ನೋಟು ಕೊಟ್ರ ಚಿಲ್ರೆ ಯಾರು ಕೊಡ್ತಾರ್ರಿ? ಸಣ್ಣವೂ ಕೊಡ್ರಿ. ಇದೊಂದರ ಅಂಚು ಹರದೈತಿ ನೋಡ್ರಿ, ಬದಲಿ ಮಾಡ್ರಿ."

ಅವನು ನಕ್ಕು ಬದಲಿಸಿದ. ರಸೀದಿಯನ್ನೂ ಕೊಟ್ಟ. ನೋಟುಗಳು ಒಂದೊಂದಾಗಿ ನನ್ನೊಳಗೆ ಇಳಿದವು. ಕೆಲವು ಪ್ಲಾಸ್ಟಿಕ್ಕಿನಂತೆ ಜಾರುತ್ತಿದ್ದವು. ಒಂದೊಂದರ ಮೇಲೂ ಒಂದು ದಾಸವಾಳದ ಹೂವು. ಬೆಟಗೇರಿಯಲ್ಲಿ ಹುಟ್ಟಿದ ನನ್ನ ಹೊಟ್ಟೆಯಲ್ಲಿ ಬೇರೆ ದೇಶದ ದಾಸವಾಳ! ಬಸ್ಸಿನಲ್ಲಿ ಮರಳುವಾಗ ದಾನಮ್ಮನ ಅಂಗೈ ನನ್ನ ಮೇಲೆಯೇ ಇತ್ತು. ನಾನು ಅಷ್ಟು ಹೆಮ್ಮೆಯಿಂದ ಯಾವತ್ತೂ ಕೂತಿರಲಿಲ್ಲ.

ವಿಮಾನ ಇಳಿದಾಗ ಎಲ್ಲರ ಸಾಮಾನು ಬಂತು, ದಾನಮ್ಮನ ದೊಡ್ಡ ಚೀಲ ಬರಲಿಲ್ಲ. ಕಾಲಿನ ಪ್ಯಾಡು, ಹೆಲ್ಮೆಟ್ಟು, ಕೈಗವಸು ಎಲ್ಲ ಅದರಲ್ಲೇ ಇದ್ದವು. ವಿಚಾರಿಸಿದರೆ, ಹಿಂದಿನ ವಿಮಾನ ನಿಲ್ದಾಣದಲ್ಲೇ ಉಳಿದಿರಬೇಕು, ಸಿಕ್ಕ ಮೇಲೆ ತಿಳಿಸುತ್ತೇವೆ ಎಂದರು. ಮರುದಿನ ಬೆಳಿಗ್ಗೆಯೇ ಮೊದಲ ಪಂದ್ಯ.

ಮೈದಾನದ ಎದುರಿನ ಆಟದ ಸಾಮಾನಿನ ಅಂಗಡಿಯಲ್ಲಿ ಗೋಲುಕೀಪರ್ ಉಡುಪು ಬಾಡಿಗೆಗೆ ಸಿಗುತ್ತಿತ್ತು. ಅಂಗಡಿಯ ಮುದುಕ ಕಾರ್ಡು ಒಲ್ಲೆ ಎಂದ, ನಗದೇ ಬೇಕು, ಠೇವಣಿಯೂ ಬೇಕು. ಅವನು ಹೇಳಿದ ಬಾಡಿಗೆ ಕೇಳಿ ಎಲ್ಲರೂ ಮುಖ ಮುಖ ನೋಡಿಕೊಂಡರು. ದ್ವೀಪದ ದೋಣಿಗೆಂದು ತೆಗೆದಿಟ್ಟದ್ದು ಹೆಚ್ಚುಕಡಿಮೆ ಅಷ್ಟೇ ಇತ್ತು.

ದಾನಮ್ಮ ಎರಡೂ ಕೈಗಳಿಂದ ನನ್ನನ್ನು ಮುಚ್ಚಿಕೊಂಡಳು. "ಬ್ಯಾಡ. ನೀವೆಲ್ಲಾ ಸಮುದ್ರ ನೋಡಾಕಂತ ಕೂಡಿಸಿದ್ದು ಇದು. ನನ್ನ ಕಾಲಿಗೆ ಕಟ್ಟಾಕಲ್ಲ. ಗೋಲುಕೀಪರ್ ಇಲ್ದನೂ ಆಡಬಹುದು. ನಾ ಹೊರಗ ಕುಂದರ್ತೀನಿ."

ಅವಳ ಬೆರಳುಗಳು ನನ್ನ ದಾರವನ್ನು ಹಿಂಡುತ್ತಿದ್ದದ್ದು ನನಗೊಬ್ಬನಿಗೇ ಗೊತ್ತು. ಮೂವತ್ತು ವರ್ಷ ಕಾದು ಇಷ್ಟು ದೂರ ಬಂದವಳು ಹೊರಗೆ ಕೂರುತ್ತೇನೆ ಎನ್ನುವುದು ಸುಲಭವೇ?

ಆಗ ಜೈತುನಬಿ ಎದ್ದು ಬಂದಳು. ಊರಲ್ಲಿ ಮುಖ ಊದಿಸಿಕೊಂಡ ಮೇಲೆ ಅವಳು ದಾನಮ್ಮನ ಜೊತೆ ತೀರಾ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದಳು.

"ಕೈ ತಗಿ."

"ಜೈತುನ್, ಇದು ಎಲ್ಲಾರದು ಅಂತ ನಾನ..."

"ಗೋಲು ಯಾರದು? ನಿನ್ನೊಬ್ಬಾಕಿದೇನು? ಅದೂ ಎಲ್ಲಾರದ. ತಗಿ ಕೈ."

ಅವಳು ನನ್ನ ದಾರ ಸಡಿಲಿಸಿದಳು. ನೀಲವ್ವ ಮತ್ತು ದಾನಮ್ಮ ಬಿಟ್ಟರೆ ಬೇರೆಯವರ ಕೈ ನನ್ನೊಳಗೆ ಬಂದದ್ದು ಅದೇ ಮೊದಲು. ನೋಟುಗಳನ್ನು ತೆಗೆದು ಮುದುಕನ ಮುಂದಿಟ್ಟು, "ರಸೀದಿ ಕೊಡೋ ಯಜಮಾನ" ಎಂದು ಕನ್ನಡದಲ್ಲೇ ಹೇಳಿದಳು. ಕಮಲಾಬಾಯಿ ಮೊದಲು ನಕ್ಕಳು, ಆಮೇಲೆ ಎಲ್ಲರೂ. ದಾನಮ್ಮ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮರುದಿನ ನನ್ನನ್ನು ಗೋಲಿನ ಹಿಂದೆ ನೀರಿನ ಬಾಟಲಿಯ ಪಕ್ಕ ಇಟ್ಟಿದ್ದರು. ಎದುರಿನವರು ಆ ಊರಿನವರೇ, ಗಟ್ಟಿ ಆಟಗಾರ್ತಿಯರು. ಮೊದಲರ್ಧದಲ್ಲೇ ಒಂದು ಗೋಲು ಹೊಡೆದರು. ಜೈತುನಬಿ ಒಂದು ತಿರುಗಿಸಿ ಕೊಟ್ಟಳು. ಆಟ ಮುಗಿಯಲು ಸ್ವಲ್ಪವೇ ಇರುವಾಗ ಎದುರಿನವರಿಗೆ ಪೆನಾಲ್ಟಿ ಸಿಕ್ಕಿತು. ಗೋಲಿನ ಮುಂದೆ ದಾನಮ್ಮ ಒಬ್ಬಳೇ. ಬಾಡಿಗೆಯ ಪ್ಯಾಡು ಅವಳಿಗೆ ಒಂದಳತೆ ದೊಡ್ಡದು. ಹೊಡೆಯುವವಳು ಎಡಕ್ಕೆ ನೋಡಿ ಬಲಕ್ಕೆ ಹೊಡೆದಳು. ದಾನಮ್ಮನ ಮೈ ಚೀಲ ಎಸೆದಂತೆ ಅದೇ ಕಡೆಗೆ ಬಿತ್ತು. ಚೆಂಡು ಪ್ಯಾಡಿಗೆ ಬಡಿದು ಗೋಲಿನ ಹೊರಗೆ ಹೋಯಿತು. ಪಂದ್ಯ ಸಮವಾಯಿತು. ಎದುರಾಳಿಗಳೇ ಓಡಿ ಬಂದು ಅವಳನ್ನು ಎಬ್ಬಿಸಿದರು.

ದ್ವೀಪಕ್ಕೆ ಯಾರೂ ಹೋಗಲಿಲ್ಲ. ಠೇವಣಿ ಮರಳಿ ಬಂದಾಗ ಎರಡೂ ತಂಡದವರು ರಸ್ತೆಬದಿಯ ಅಂಗಡಿಯಲ್ಲಿ ಕೂತು ಚಹಾ ಕುಡಿದರು. ಸಮುದ್ರ ತಪ್ಪಿಸಿದೆ ಎಂದು ದಾನಮ್ಮ ಮತ್ತೆ ಪೇಚಾಡಿಕೊಂಡಾಗ ಜೈತುನಬಿ ಹೇಳಿದಳು: "ಸಮುದ್ರ ಕಾರವಾರದಾಗೂ ಐತಿ. ಸುಮ್ನ ಚಾ ಕುಡಿ."

ಕೆಲವು ವರ್ಷಗಳ ನಂತರ ಜೈತುನಬಿ ಮೆಕ್ಕಾ ಯಾತ್ರೆಗೆ ಹೊರಟಳು. ದಾನಮ್ಮ ಅವಳ ಜೊತೆ ಹುಬ್ಬಳ್ಳಿಗೆ ಹೋಗಿ ಆ ದೇಶದ ರಿಯಾಲು ಮಾಡಿಸಿಕೊಟ್ಟಳು, ನನ್ನನ್ನೂ ಕೊಟ್ಟಳು. ಯಾತ್ರೆ ಮುಗಿಸಿ ಬಂದು ಜೈತುನಬಿ ನನ್ನನ್ನು ಮರಳಿಸಲು ಹೋದಾಗ, "ಇರ್ಲಿ ಬಿಡು, ನಿನ್ನ ಕೈಗೂ ಹೊಂದೈತಿ" ಎಂದಳು ದಾನಮ್ಮ.

ಈಗ ನಾನು ಜೈತುನಬಿಯ ಮನೆಯ ಕಪಾಟಿನಲ್ಲಿದ್ದೇನೆ. ಖಣದ ಕೆಂಪು ಮಾಸಿದೆ, ಒಂದು ಕಡೆ ಹೊಲಿಗೆ ಬಿಟ್ಟಿದೆ. ರೊಕ್ಕ ಈಗ ಯಾರೂ ನನ್ನಲ್ಲಿ ಇಡುವುದಿಲ್ಲ, ಎಲ್ಲ ಫೋನಿನೊಳಗೇ ಇದೆಯಂತೆ. ಅವಳ ಜಪಮಣಿಯ ಸರ ನನ್ನಲ್ಲಿರುತ್ತದೆ. ನಸುಕಿನಲ್ಲಿ ತೆಗೆಯುತ್ತಾಳೆ, ಮುಗಿದ ಮೇಲೆ ಬೆಚ್ಚಗಿನ ಮಣಿಗಳನ್ನು ಮತ್ತೆ ನನ್ನೊಳಗೆ ಇಳಿಬಿಡುತ್ತಾಳೆ. ನನ್ನದು ಅಂತ ನಾನು ಯಾವತ್ತೂ ಏನನ್ನೂ ಇಟ್ಟುಕೊಂಡವನಲ್ಲ. ಒಪ್ಪಿಸಿದ್ದನ್ನು ಕಾದೆ, ಕೇಳಿದಾಗ ಬಾಯಿ ಬಿಟ್ಟು ಕೊಟ್ಟೆ. ಒಂದು ಚೀಲದ ಬಾಳು ಇದಕ್ಕಿಂತ ತುಂಬಿರಲು ಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ.