ಗುಡ್ಡ ಹತ್ತಬೇಕಾದ ಗಾಡಿ

ನನ್ನ ಹೆಂಡತಿ ಆರ್ಲೀನಾ ತೀರಿಕೊಂಡದ್ದು ಡಿಸೆಂಬರಿನಲ್ಲಿ. ನೆಲ ಹೆಪ್ಪುಗಟ್ಟಿತ್ತು. ಗುದ್ದಲಿಗೆ ಸಿಕ್ಕಿದ ಹೆಂಟೆಗಳನ್ನೇ ಹಾಕಿ ಸಮಾಧಿ ಮುಚ್ಚಿದೆವು. ಅಂಥ ಮಣ್ಣು ಬಿಸಿಲು ಬಂದ ಮೇಲೆ ಕುಸಿಯುತ್ತದೆಂದು ನಮ್ಮ ಕಣಿವೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳ ಕೊನೆಯ ಭಾನುವಾರ ಎಲ್ಲರೂ ಗುಡ್ಡದ ಮೇಲಿನ ಸಮಾಧಿಗಳಿಗೆ ಹೂವಿಟ್ಟು, ಹಾಡಿ, ಪ್ರಾರ್ಥಿಸಿ, ಅಲ್ಲೇ ಊಟ ಮಾಡಿ ಬರುತ್ತೇವೆ. ಅದಕ್ಕೆ ಮುಂಚೆ ಕುಸಿದ ದಿಬ್ಬವನ್ನು ಮನೆಯವರು ಏರಿಸಿರಬೇಕು. ಹೆಂಡತಿಯದನ್ನು ಗಂಡ ಏರಿಸಬೇಕು. ಏರಿಸದ ಗಂಡನನ್ನು ಯಾರೂ ಏನೂ ಅನ್ನುವುದಿಲ್ಲ. ಆ ಊಟದಲ್ಲಿ ಕೋಳಿಯ ತಟ್ಟೆ ಮಾತ್ರ ಅವನ ಕಡೆಗೆ ತಡವಾಗಿ ಬರುತ್ತದೆ.

ನನಗೆ ಎಪ್ಪತ್ತಾರು. ಮೂರಡಿ ಎತ್ತರದ ಕಲ್ಲಿದ್ದಲ ಗಣಿಯಲ್ಲಿ ಮೂವತ್ತೊಂದು ವರ್ಷ ಮಂಡಿಯ ಮೇಲೆ ಹರಿದಾಡಿದವನು. ಈಗ ಮಂಡಿಗಳು ಎರಡೂ ಕಂಪನಿಗೇ ಸಂದಿವೆ. ಗುಡ್ಡ ಒಂದು ಮೈಲಿ ಏರು. ಮೇಲೆ ಸಮಾಧಿಗಳ ಸುತ್ತ ಬರೀ ಬಂಡೆ, ಮಣ್ಣನ್ನು ಕೆಳಗಿನಿಂದಲೇ ಒಯ್ಯಬೇಕು. ಆರ್ಲೀನಾಳ ಬೀನ್ಸ್ ಮಡಿಯ ಮಣ್ಣನ್ನೇ ಒಯ್ಯಬೇಕೆಂದು ನಾನು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದೆ. ಆದರೆ ಒಯ್ಯುವುದು ಹೇಗೆ?

ನನ್ನ ಬೇಲಿಯ ಆಚೆ ಮನೆ ಆರ್ಲೀನಾಳ ತಂಗಿ ಡೆಲ್ಫಿಯಾಳದು. ಅವಳಿಗೆ ಅರವತ್ತೆಂಟು. ಗಂಡ ಹೋಗಿ ಹತ್ತು ವರ್ಷವಾಯಿತು. ಕಾಲು ಇನ್ನೂ ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ.

"ಭಾವ, ನಾನು ದಿನಾ ಒಂದೊಂದು ಬಕೆಟ್ ಹೊತ್ಕೊಂಡು ಹೋಗಿ ಹಾಕಿ ಬರ್ತೀನಿ," ಎಂದಳು.

"ಅದು ನನ್ನ ಕೆಲಸ ಡೆಲ್ಫಿಯಾ. ನೀನು ಮಧ್ಯ ಬರಬೇಡ."

"ಮಂಡಿ ಎರಡೂ ಕೂತುಬಿಟ್ಟಿವೆ. ಜಂಬ ಮಾತ್ರ ಚೆನ್ನಾಗಿ ಎದ್ದು ನಿಂತಿದೆ," ಎಂದು ಹೇಳಿ ಬಾಗಿಲು ಹಾಕಿಕೊಂಡಳು.

ಮೋಟಾರು ಸೈಕಲಿನ ಹ್ಯಾಂಡಲು, ಟ್ರಾಕ್ಟರಿನ ಮರಿಯಂಥ ನಾಲ್ಕು ಚಕ್ರ ಇರುವ ಗಾಡಿಗಳನ್ನು ಬೇಟೆಗೆ ಹೋಗುವ ಹುಡುಗರು ಓಡಿಸುವುದನ್ನು ನೋಡಿದ್ದೆ. ಪೇಟೆಯ ಅಂಗಡಿಯಲ್ಲಿ ಒಂದರ ಬೆಲೆ ಕೇಳಿದೆ. ಅಂಗಡಿಯವನು ಹೇಳಿದ ಮೊತ್ತಕ್ಕೆ ನಾನು ಹಿಂದೆ ಮನೆ ಕೊಂಡಿದ್ದೆ. ಗ್ರಂಥಾಲಯದ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿ, ಸಮುದ್ರದಾಚೆಯಿಂದ ಪೆಟ್ಟಿಗೆಯಲ್ಲಿ ಬರುವ ಅಗ್ಗದ್ದೊಂದನ್ನು ತೋರಿಸಿದಳು. ಚಿತ್ರದಲ್ಲಿ ಒಬ್ಬ ಹುಡುಗಿ ಗುಡ್ಡದ ತುದಿಯಲ್ಲಿ ಅದರ ಮೇಲೆ ಕೂತು ನಗುತ್ತಿದ್ದಳು. ಗುಡ್ಡ ನಮ್ಮದಕ್ಕಿಂತ ಕಡಿದಾಗಿತ್ತು. 'ಅರ್ಧ ಗಂಟೆಯಲ್ಲಿ ಜೋಡಿಸಬಹುದು' ಎಂದು ಕೆಳಗೆ ಬರೆದಿತ್ತು. ನಾನು ಬರೆದದ್ದನ್ನು ನಂಬುವ ಮನುಷ್ಯ.

ಹಳ್ಳದ ಸೇತುವೆ ನೋಡಿ ಲಾರಿಯವನು ಮುಂದೆ ಬರಲೊಲ್ಲದೆ ಪೆಟ್ಟಿಗೆಯನ್ನು ನಮ್ಮ ಸಭೆಯ ಚರ್ಚಿನ ಅಂಗಳದಲ್ಲೇ ಇಳಿಸಿ ಹೋದ. ಜೋಡಿಸುವ ಕೆಲಸವೂ ದೇವರ ಮನೆಯ ಮುಂದೆಯೇ ಆಯಿತು. ಡೆಲ್ಫಿಯಾ ಒಂದು ಕುರ್ಚಿ ತಂದು ಹಾಕಿಕೊಂಡು, ಕೌದಿ ಹೊಲಿಯುತ್ತ ಮೂರು ದಿನ ಕೂತಳು.

"ಭಾವ, ಇದು ಗಾಡಿಯೋ, ಯಾರಾದ್ರೂ ಮನೆ ಕೆಡವಿ ಕಳಿಸಿದ್ದಾರೋ?"

"ಸುಮ್ನೆ ಹೊಲಿ."

"ಹ್ಯಾಂಡಲು ಹಿಂದುಮುಂದಾಗಿದೆ."

"ಅದು ಇರೋದೇ ಹಾಗೆ."

"ಹಾಗಾದ್ರೆ ನೀವು ಹಿಂದಕ್ಕೆ ಮುಖ ಮಾಡಿ ಕೂತ್ಕೊಂಡು ಹೋಗ್ತೀರಾ? ಹೋಗಿ, ಬಿಟ್ಟು ಬಂದ ಊರೆಲ್ಲ ಕಾಣ್ಸುತ್ತೆ."

ಹ್ಯಾಂಡಲು ಬಿಚ್ಚಿ ತಿರುಗಿಸಿದೆ. ಎಂಜಿನ್ನಿಗೆ ಎಣ್ಣೆ ಹಾಕಿದೆ, ಬ್ಯಾಟರಿ ತುಂಬಿಸಿದೆ. ಕೊನೆಗೆ ಮೂರು ತಿರುಪುಗಳು ಉಳಿದವು. ಅವನ್ನು ಜೇಬಿಗೆ ಹಾಕಿಕೊಂಡೆ. ಗಾಡಿಯ ಮೇಲೆ ಕೂತು, ಬ್ರೇಕು ಹಿಡಿದು, ಸ್ಟಾರ್ಟ್ ಗುಂಡಿ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಉಸಿರೂ ಇಲ್ಲ.

ಜೊತೆಗೆ ಬಂದ ಪುಸ್ತಕವನ್ನು ತೆರೆದೆ. ನಾನು ಯಾವ ಪುಸ್ತಕವನ್ನಾಗಲಿ ಮೊದಲ ಪುಟದಿಂದ ಸಾಲು ಬಿಡದೆ ಓದುವವನು. ವೇದಪುಸ್ತಕವನ್ನು ಹಾಗೆ ಹನ್ನೊಂದು ಸಲ ಮುಗಿಸಿದ್ದೇನೆ. ಆದರೆ ಈ ಪುಸ್ತಕದ ಮೊದಲ ಮೂವತ್ತು ಪುಟ ಬೈಬಲಿನ ಯಾಜಕಕಾಂಡದ ಹಾಗಿತ್ತು. ಇದನ್ನು ಮುಟ್ಟಬೇಡ, ಅದನ್ನು ಮಾಡಬೇಡ, ಮಾಡಿದರೆ ಸತ್ತೀಯೆ. ದಿನಕ್ಕೆ ನಾಲ್ಕು ಪುಟಕ್ಕಿಂತ ಹೆಚ್ಚು ಓದಲಾಗಲಿಲ್ಲ. ಗಾಡಿ ಅಲ್ಲೇ ನಿಂತಿತ್ತು, ಭಾನುವಾರ ಬಂದುಬಿಟ್ಟಿತು. ಮುಂದಿನ ಭಾನುವಾರವೇ ಸಮಾಧಿಗಳ ದಿನ.

ನಮ್ಮ ಸಭೆಯಲ್ಲಿ ಈಗ ಉಳಿದಿರುವವರು ಹದಿನಾಲ್ಕು ಜನ. ಅರವತ್ತರ ಕೆಳಗಿನವರು ಒಬ್ಬರೂ ಇಲ್ಲ, ಹೇಸರಗತ್ತೆ ಓಡಿಸಿದವರು ಆರು ಜನ ಇದ್ದಾರೆ. ಆರಾಧನೆ ಮುಗಿದ ಮೇಲೆ ಎಲ್ಲರೂ ಗಾಡಿಯ ಸುತ್ತ ನಿಂತರು. ಯಾರೂ ಕೈ ಹಚ್ಚುವಂತಿಲ್ಲ, ಕರ್ತನ ದಿನ ನಾವು ಸ್ಪ್ಯಾನರ್ ಮುಟ್ಟುವುದಿಲ್ಲ.

ಸಭಾಪಾಲಕ ಎಸ್ಟಿಲ್ ಗಡ್ಡ ಸವರಿಕೊಂಡು, "ಹಳ್ಳಕ್ಕೆ ಬಿದ್ದ ಎತ್ತನ್ನ ಸಬ್ಬತ್ ದಿನವೂ ಎತ್ತಬಹುದು ಅಂತ ಕರ್ತನೇ ಹೇಳಿದ್ದಾನಲ್ಲ, ಸಹೋದರ ಬರ್ಚಲ್," ಎಂದರು.

"ಎತ್ತು ಬಿದ್ದಿಲ್ಲ ಎಸ್ಟಿಲ್, ನಿಂತಿದೆ. ನಿಂತಿರೋದೇ ತೊಂದರೆ," ಎಂದೆ.

"ಹಾಗಾದ್ರೆ ಸ್ಪ್ಯಾನರ್ ಬೇಡ. ಪ್ರಾರ್ಥನೆ ಮಾಡೋಣ. ಪ್ರಾರ್ಥನೆ ಕೆಲಸ ಅಲ್ಲ."

"ನೀವು ಮಾಡೋ ಪ್ರಾರ್ಥನೆ ಕೆಲಸಕ್ಕಿಂತ ಉದ್ದ," ಎಂದು ಹಿಂದಿನಿಂದ ಡೆಲ್ಫಿಯಾಳ ದನಿ ಕೇಳಿಸಿತು.

ರೋಗಿಗಳಿಗೆ ಹಚ್ಚುವ ಎಣ್ಣೆಯ ಸೀಸೆಯನ್ನು ಎಸ್ಟಿಲ್ ತರಿಸಿದರು. ಅದು ಮನುಷ್ಯರಿಗೆ ಮಾತ್ರವಲ್ಲವೇ ಎಂದು ಒಬ್ಬರು ಕೇಳಿದರು. ಇದಕ್ಕಿಂತ ಕಾಯಿಲೆ ಬಿದ್ದದ್ದನ್ನು ತಾನು ಕಂಡಿಲ್ಲ ಎಂದು ಇನ್ನೊಬ್ಬರು ಹೇಳಿದರು. ಪೆಟ್ರೋಲ್ ಟ್ಯಾಂಕಿನ ಮೇಲೆ ಎಣ್ಣೆ ಹಚ್ಚಿದರು. ಹದಿನಾಲ್ಕು ಜನರೂ ಗಾಡಿಯ ಮೇಲೆ ಕೈಯಿಟ್ಟೆವು, ಕಣ್ಣು ಮುಚ್ಚಿದೆವು. ಎಸ್ಟಿಲ್ ಬೆವರು ಸುರಿಯುವವರೆಗೆ ಪ್ರಾರ್ಥಿಸಿದರು. ಆಮೆನ್ ಎಂದ ಮೇಲೆ ನಾನು ಕೂತು, ಬ್ರೇಕು ಹಿಡಿದು, ಗುಂಡಿ ಒತ್ತಿದೆ.

ಗಾಡಿ ಕೆಮ್ಮಿತು, ನೀಲಿ ಹೊಗೆ ಬಿಟ್ಟಿತು, ಸ್ಟಾರ್ಟ್ ಆಯಿತು. ಮುದುಕಿಯರು ಅತ್ತರು. ಎಸ್ಟಿಲ್ ಅಲ್ಲೇ ಒಂದು ಕೀರ್ತನೆ ಎತ್ತಿಕೊಂಡರು.

ಸೋಮವಾರ ಮನೆಗೆ ಓಡಿಸಿಕೊಂಡು ಬಂದೆ. ಎಂಜಿನ್ನಿನ ಸದ್ದು ವಿಮಾನದಷ್ಟು, ನಡಿಗೆ ಬಾತುಕೋಳಿಯಷ್ಟು. ಡೆಲ್ಫಿಯಾ ಕೌದಿ ಹಿಡಿದು ಪಕ್ಕದಲ್ಲೇ ನಡೆದು ಬಂದಳು. ನಡುವೆ ಎರಡು ಸಲ ನಿಂತು ಕಾದಳು.

"ಭಾವ, ಈ ವೇಗದಲ್ಲಿ ಹೋದ್ರೆ ಈ ವರ್ಷದ ದಿಬ್ಬ ಮುಂದಿನ ವರ್ಷಕ್ಕೆ ಏರುತ್ತೆ."

ಮಂಗಳವಾರ ಪುಸ್ತಕದಲ್ಲಿ ಮೂವತ್ತಮೂರನೇ ಪುಟ ತಲುಪಿದೆ. ಹೊಸಬರು ಬೇಗ ಓಡಿಸದಂತೆ, ಹೆಬ್ಬೆರಳಿನಿಂದ ಒತ್ತಿ ವೇಗ ಏರಿಸುವ ಹಿಡಿಯ ಕೆಳಗೆ ಒಂದು ತಿರುಪು ಇಟ್ಟಿರುವುದಾಗಿ ಅಲ್ಲಿ ಬರೆದಿತ್ತು. ಬೇಕಾದದ್ದು ಸಿಕ್ಕಿತೆಂದು ಅಲ್ಲಿಗೇ ಪುಸ್ತಕ ಮುಚ್ಚಿ, ತಿರುಪನ್ನು ಪೂರ್ತಿ ಬಿಚ್ಚಿದೆ.

ಕೂತು ಹಿಡಿ ಒತ್ತಿದ್ದೇ ಗಾಡಿ ನೆಗೆಯಿತು. ಹೆದರಿದ ಮನುಷ್ಯ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಾನೆ. ಈ ಗಾಡಿಯಲ್ಲಿ ಬಿಗಿಯಾಗಿ ಹಿಡಿದಷ್ಟೂ ಹೆಬ್ಬೆರಳು ಒತ್ತುತ್ತದೆ, ಹೆಬ್ಬೆರಳು ಒತ್ತಿದಷ್ಟೂ ಗಾಡಿ ಓಡುತ್ತದೆ. ಹಾಗೆ ಹಿಡಿದುಕೊಂಡೇ ಬೇಲಿಯನ್ನು ದಾಟಿ ಡೆಲ್ಫಿಯಾ ಬಟ್ಟೆ ಒಣಹಾಕಿದ್ದ ಹಗ್ಗದೊಳಕ್ಕೆ ನುಗ್ಗಿದೆ. ಹಗ್ಗ ಚಕ್ರಕ್ಕೆ ಸುತ್ತಿಕೊಂಡು ಕೋಳಿಗೂಡಿನ ಮುಂದೆ ಗಾಡಿ ನಿಂತಾಗ ನನ್ನ ತಲೆಯ ಮೇಲೆ ಅವಳ ಹೂವಿನ ಲಂಗ ಇತ್ತು.

ಡೆಲ್ಫಿಯಾ ಮೆಟ್ಟಿಲ ಮೇಲೆ ಬಂದು ನಿಂತು ಬಹಳ ಹೊತ್ತು ನೋಡಿದಳು. "ನಿಮಗೇ ಒಪ್ಪುತ್ತೆ, ಇಟ್ಕೊಳಿ," ಎಂದಳು.

ತಿರುಪನ್ನು ಅರ್ಧಕ್ಕೆ ತಿರುಗಿಸಿ ಹಾಕಿದೆ. ಹೆಬ್ಬೆರಳನ್ನು ಸಡಿಲ ಬಿಡುವುದನ್ನು ಮೂರು ದಿನ ಕಲಿತೆ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಬೀನ್ಸ್ ಮಡಿಯ ಮಣ್ಣನ್ನು ನಾಲ್ಕು ಬಕೆಟ್ ತುಂಬಿ, ಗಾಡಿಯ ಹಿಂದಿನ ಕಂಬಿಗೆ ಕಟ್ಟಿ, ಒಬ್ಬನೇ ಹೊರಟೆ. ಎರಡು ಕಡೆ ಜಾರಿತು. ಒಂದು ಕಡೆ ನಾನು ಇಪ್ಪತ್ತಮೂರನೇ ಕೀರ್ತನೆಯನ್ನು ಕಣ್ಣು ಬಿಟ್ಟುಕೊಂಡೇ ಹೇಳಿದೆ. ಆದರೆ ಗಾಡಿ ಹತ್ತಿತು.

ದಿಬ್ಬವಿದ್ದ ಕಡೆ ಈಗ ತೊಟ್ಟಿಯಂಥ ತಗ್ಗು. ಮಳೆಯ ನೀರು ನಿಂತು ಆರಿದ ಗುರುತಿತ್ತು. ಅಂಚಿನಲ್ಲಿ ಬೆಳೆದ ಕಳೆಯನ್ನು ಕಿತ್ತು ಹಾಕಿದೆ. ಆಮೇಲೆ ಬಕೆಟುಗಳನ್ನು ಇಳಿಸಿ ಸುರಿದೆ. ನಾಲ್ಕೂ ತಳದಲ್ಲೇ ಮುಗಿದವು. ಇನ್ನು ಎಂಟು ಹತ್ತು ಬಕೆಟಾದರೂ ಬೇಕು. ಹೊತ್ತು ಇನ್ನೂ ಇತ್ತು. ಖಾಲಿ ಬಕೆಟುಗಳನ್ನು ಹ್ಯಾಂಡಲಿಗೆ ತಗಲಿಸಿ, ಕೂತು, ಬ್ರೇಕು ಹಿಡಿದು, ಗುಂಡಿ ಒತ್ತಿದೆ.

ಏನೂ ಇಲ್ಲ.

ಇಳಿದು ಟ್ಯಾಂಕಿನ ಮೇಲೆ ಎರಡು ಕೈಯನ್ನೂ ಇಟ್ಟು ಪ್ರಾರ್ಥಿಸಿದೆ. ಒತ್ತಿದೆ. ಇಲ್ಲ. ಅವತ್ತು ಇಪ್ಪತ್ತೆಂಟು ಕೈಗಳಿದ್ದವು, ಇವತ್ತು ಎರಡೇ. ಇದೇ ಕೊರತೆಯೆಂದು ನನಗೆ ತೋರಿತು. ನಾಳೆ ಬೆಳಿಗ್ಗೆ ಊರೆಲ್ಲ ಹೂವು ಹಿಡಿದು ಬರುತ್ತದೆ. ತೊಟ್ಟಿಯಂಥ ತಗ್ಗಿನ ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ಕೆಟ್ಟ ಗಾಡಿ. ಕರ್ತನೇ, ಇನ್ನೊಂದು ಜೊತೆ ಕೈಯನ್ನಾದರೂ ಕಳಿಸು ಎಂದು ಬೇಡಿಕೊಂಡು ಕಲ್ಲಿನ ಮೇಲೆ ಕೂತೆ.

ಒಂದು ಗಂಟೆಯ ಮೇಲೆ ಏದುಸಿರು ಕೇಳಿಸಿತು. ಡೆಲ್ಫಿಯಾ. ಬೇಡಿದ್ದು ಕೈ, ಜೊತೆಗೆ ಬಾಯಿಯೂ ಬಂತು.

"ಸದ್ದು ನಿಂತು ಇಷ್ಟು ಹೊತ್ತಾಯ್ತು. ಉರುಳಿ ಸತ್ರೇನೋ ಅಂದ್ಕೊಂಡೆ ಭಾವ. ಕೂತ್ಕೊಂಡು ಗಾಳಿ ತಗೋತಿದ್ದೀರಾ?"

"ಗಾಡಿ ಹೊರಡ್ತಿಲ್ಲ. ಬಾ, ನೀನೂ ಕೈಯಿಡು. ಪ್ರಾರ್ಥನೆ ಮಾಡೋಣ."

ಅವಳು ನನ್ನನ್ನು ನೋಡಿದಳು, ಗಾಡಿಯನ್ನು ನೋಡಿದಳು. "ಎಡಗೈ ಹತ್ರ ಕೆಂಪು ಗುಂಡಿ ಇದೆ. ಬಕೆಟ್ ತಗಲಿ ಆಫ್ ಆಗಿದೆ. ಅದು ಆಫ್ ಇದ್ರೆ ದೇವದೂತರು ಬಂದು ತಳ್ಳಿದ್ರೂ ಹೊರಡಲ್ಲ."

"ನಿನಗ್ಯಾರು ಹೇಳಿದ್ರು?"

"ಪುಸ್ತಕ. ಮೂವತ್ತಾರನೇ ಪುಟ. ನೀವು ಮನೆಗೆ ಊಟಕ್ಕೆ ಹೋದಾಗ ಕೊನೇ ಪುಟದಿಂದ ಹಿಂದಕ್ಕೆ ಓದ್ದೆ."

"ಹಾಗಾದ್ರೆ ಅವತ್ತು ಅಂಗಳದಲ್ಲಿ..."

"ಎಲ್ರೂ ಕಣ್ಣು ಮುಚ್ಚಿದ್ರಿ. ನಾನು ಗುಂಡಿ ಸರಿಸ್ದೆ."

"ಪ್ರಾರ್ಥನೆ ನಡೀವಾಗ ಕಣ್ಣು ಬಿಟ್ಟಿದ್ಯಾ?"

"ಒಂದೇ ಕಣ್ಣು ಭಾವ."

"ಬಾಯಿಬಿಟ್ಟು ಹೇಳಬಾರದಾಗಿತ್ತಾ?"

"ಎಸ್ಟಿಲ್ ಅಷ್ಟು ಬೆವರಿಳಿಸ್ಕೊಂಡು ಕರೀತಿದ್ರು. ಮಧ್ಯ ಬಾಯಿ ಹಾಕಿ ದೇವರ ಮುಂದೆ ಅವರ ಮರ್ಯಾದೆ ತೆಗೀಲಾ?"

ಕೋಪ ಮಾಡಿಕೊಳ್ಳಬೇಕೆಂದು ಬಾಯಿ ತೆರೆದೆ. ಆಗ ಅವಳ ಕೈಯಲ್ಲಿದ್ದದ್ದನ್ನು ಕಂಡೆ. ಸಣ್ಣ ತಗಡಿನ ಬಕೆಟು, ತುಂಬ ಮಣ್ಣು. ಅದನ್ನು ಹೊತ್ತು ಒಂದು ಮೈಲಿ ಏರಿ ಬಂದಿದ್ದಳು. ನನ್ನ ದೃಷ್ಟಿ ಬಿದ್ದದ್ದನ್ನು ನೋಡಿ ಅದನ್ನು ಬೆನ್ನ ಹಿಂದೆ ಸರಿಸಿದಳು.

"ನೀವು ಇಳಿದು ಹೋದ್ಮೇಲೆ ಹಾಕೋಣ ಅಂತಿದ್ದೆ," ಎಂದಳು. "ನಮ್ಮಮ್ಮನ ಮನೆ ಹಿತ್ತಲಿಂದು. ನಾವಿಬ್ರೂ ಅಲ್ಲಿ ಮಣ್ಣಲ್ಲೇ ಆಡಿದ್ದು."

ಅರವತ್ತೆಂಟು ವರ್ಷ ಅವರು ಅಕ್ಕತಂಗಿಯರು. ನಾನು ಗಂಡನಾಗಿದ್ದದ್ದು ಐವತ್ತೆರಡು ವರ್ಷ. ಐದು ತಿಂಗಳಿಂದ ಈ ದುಃಖ ನನ್ನೊಬ್ಬನ ಹೆಸರಿಗೇ ಬರೆದ ಆಸ್ತಿಯೆಂಬಂತೆ ಬೇಲಿ ಹಾಕಿಕೊಂಡು ಕೂತಿದ್ದೆ. ದೇವರು ನನ್ನನ್ನು ಕ್ಷಮಿಸಲಿ.

"ಹಾಕು," ಎಂದೆ.

"ನಿಮ್ಮ ಕೆಲಸ ಅಂದಿದ್ರಿ."

"ಹಾಕು ಡೆಲ್ಫಿಯಾ."

ಅವಳು ಮಂಡಿಯೂರಿ ನಿಧಾನವಾಗಿ ಸುರಿದಳು, ಅಂಗೈಯಿಂದ ಸವರಿದಳು. ಸವರುತ್ತ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೂಳಿದ ದಿನ ಅವಳು ಎಲ್ಲರಿಗೂ ಕಾಫಿ ಕೊಡುತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದು ನೋಡಿ, "ಎಡಗಡೆ ತಗ್ಗು. ನಿಮಗೆ ಒಂದೂ ನೆಟ್ಟಗೆ ಬರಲ್ಲ," ಎಂದಳು.

"ಇನ್ನೂ ಎಂಟು ಬಕೆಟ್ ಬೇಕು."

"ನೀವು ಇಳಿದು ಹತ್ತೋ ಹೊತ್ತಿಗೆ ಕತ್ತಲಾಗುತ್ತೆ. ಇಲ್ಲೇ ಕೂತಿರಿ, ನಾನು ತರ್ತೀನಿ."

"ನಿನಗೆ ಓಡಿಸೋಕೆ ಬರುತ್ತಾ?"

"ಪುಸ್ತಕ ಪೂರ್ತಿ ಓದಿದವಳು ನಾನು," ಎಂದು ಕಾಲು ಹಾಕಿ ಕೂತು, ಕೆಂಪು ಗುಂಡಿಯನ್ನು ನನಗೆ ಕಾಣುವ ಹಾಗೆ ಸರಿಸಿ, ಹೊರಟೇಬಿಟ್ಟಳು. ಬಕೆಟುಗಳು ಗಣಗಣ ಬಡಿದುಕೊಂಡವು.

ನಾನು ಸಮಾಧಿಯ ಪಕ್ಕ ಕೂತು ಹೆಂಟೆಗಳನ್ನು ಒಡೆಯತೊಡಗಿದೆ. ಡಿಸೆಂಬರಿನಿಂದ ಹೇಳಬೇಕಾಗಿದ್ದದ್ದು ಬಹಳವಿತ್ತು. ಒಂದೊಂದಾಗಿ ಆರ್ಲೀನಾಳಿಗೆ ಹೇಳಿದೆ. ಕೆಳಗಿನ ತಿರುವಿನಲ್ಲಿ ಎಂಜಿನ್ನಿನ ಸದ್ದು ಒಮ್ಮೆಲೇ ಏರಿತು. ಅದರ ಹಿಂದೆಯೇ ಒಂದು ಕೂಗು ಕೇಳಿಸಿತು. ಹೆದರಿಕೆಯದೆಂದು ನಾನು ಎದ್ದು ನಿಂತೆ. ಅಲ್ಲ, ನಗು.

"ನಿನ್ನ ತಂಗಿ," ಎಂದು ಅವಳಿಗೆ ಹೇಳಿ ಮತ್ತೆ ಕೂತುಕೊಂಡೆ.