ತೊಂಬತ್ತು ವರ್ಷದ ಹೆಪ್ಪು

ಮರಿಟ್‌ಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂಬ ದಪ್ಪ ಲಕೋಟೆ ಡಿಸೆಂಬರಿನ ಎರಡನೇ ಶನಿವಾರ ಬಂತು. ಅವಳ ಓರಗೆಯವರು ಇನ್ನೂ ಅರ್ಜಿಯ ಮೊದಲ ಸಾಲಿಗೇ ತಿಣುಕುತ್ತಿದ್ದರು. ಇವಳು ನವೆಂಬರ್ ಒಂದಕ್ಕೆಲ್ಲ ಅರ್ಜಿ ಹಾಕಿ, ಕ್ರಿಸ್‌ಮಸ್ಸಿಗೆ ಮೊದಲೇ ಗೆದ್ದು ಕೂತಿದ್ದಳು. ಸೀಟಿನ ಜೊತೆಗೆ ಸಂಶೋಧನೆಗೆಂದು ವಿದ್ಯಾರ್ಥಿವೇತನ, ನಾಲ್ಕು ವರ್ಷದ ಫೀಸು ಪೂರ್ತಿ ಮಾಫಿ. ಅಜ್ಜಿ ತೋರ್ಡಿಸ್ ಮೊಮ್ಮಗಳ ಬೆನ್ನು ತಟ್ಟಿ, "ಪರವಾಗಿಲ್ವೇ" ಎಂದಳು. ಅಮೆರಿಕದ ಪಶ್ಚಿಮ ಮಿನೆಸೋಟದ ಆ ಊರಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಯಾರಿಗೂ ಕೊಟ್ಟದ್ದಿಲ್ಲ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಸಂಶೋಧನೆ ಯಾವುದರ ಮೇಲೆ ಎಂದು ಕೇಳಿಬಿಟ್ಟಳು.

"ನಮ್ಮನೆ ಹೆಪ್ಪಿನ ಮೇಲೆ ಅಜ್ಜಿ. ಬೇಸಿಗೇಲಿ ನಿನ್ನ ಹತ್ರ ಒಂದು ಚಮಚ ಇಸ್ಕೊಂಡಿದ್ನಲ್ಲ, ಅದೇ."

ತೋರ್ಡಿಸ್ ಅವಸರದಲ್ಲಿ ಕಾಫಿ ಪಾತ್ರೆಯತ್ತ ತಿರುಗಿದಳು.

ಹೆಪ್ಪೆಂದರೆ ಬ್ರೆಡ್ಡಿನ ಹಿಟ್ಟು ಹುಳಿ ಬರಿಸುವ ಹೆಪ್ಪು. 1891ರಲ್ಲಿ ತೋರ್ಡಿಸಳ ಅತ್ತೆ ಗುನ್ಹಿಲ್ಡಳ ಅಜ್ಜಿ ಅದನ್ನು ನಾರ್ವೆಯಿಂದ ಹಡಗಿನಲ್ಲಿ, ಕೋಟಿನೊಳಗೆ ಎದೆಗವಚಿಕೊಂಡು ತಂದದ್ದು. ದಾರಿಯಲ್ಲಿ ಅವಳ ಪೆಟ್ಟಿಗೆ ಕಳೆಯಿತು, ಬೂಟು ಕಳೆಯಿತು, ಹೆಪ್ಪು ಕಳೆಯಲಿಲ್ಲ. ಊರಿನ ಲೂಥರನ್ ಚರ್ಚಿಗೆ ಬರುವವರೆಲ್ಲ ಅದರ ಬ್ರೆಡ್ಡು ತಿಂದು ಹೊಗಳಿದವರೇ, ಆದರೆ ಹೆಪ್ಪು ಮಾತ್ರ ಗುನ್ಹಿಲ್ಡಳ ಗಾಜಿನ ಸೀಸೆ ಬಿಟ್ಟು ಬೇರೆ ಮನೆಗೆ ಹೋದದ್ದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ತೋರ್ಡಿಸಳ ಕೈಗೆ ಅದನ್ನು ಒಪ್ಪಿಸಿ, ಮುಕ್ಕಾಲು ಗಂಟೆ ಬುದ್ಧಿ ಹೇಳಿ, ಗುನ್ಹಿಲ್ಡ್ ಹತ್ತು ದಿನ ತಂಗಿಯ ಮನೆಗೆ ಫಾರ್ಗೋಗೆ ಹೋಗಿದ್ದಳು.

ಕೊರೆಯುವ ಜನವರಿ. ಹೆಪ್ಪಿಗೆ ಚಳಿಯಾಗದಿರಲೆಂದು ತೋರ್ಡಿಸ್ ಸೀಸೆಯನ್ನು ಆರಿದ ಓವನ್ನಿನೊಳಗೆ ಬೆಚ್ಚಗಿಟ್ಟಳು. ಮಾರನೆಯ ದಿನ ಅದನ್ನು ಮರೆತು, ಹಂದಿಮಾಂಸ ಬೇಯಿಸಲು ಅದೇ ಓವನ್ ಹಚ್ಚಿದಳು. ತೊಂಬತ್ತು ವರ್ಷ ಬಾಳಿದ ಹೆಪ್ಪು ಇಪ್ಪತ್ತು ನಿಮಿಷದಲ್ಲಿ ಬಿಸ್ಕತ್ತಾಯಿತು. ಅತ್ತುಕೊಂಡೇ ಅಂಗಡಿಗೆ ಓಡಿ ಈಸ್ಟ್ ಪುಡಿಯ ಪೊಟ್ಟಣ ತಂದು, ಹಿಟ್ಟು ಕಲಸಿ, ವಾಸನೆಗೆಂದು ಹುಳಿ ಹಾಲು ಬೆರೆಸಿದಳು. ಊರಿಂದ ಬಂದ ಗುನ್ಹಿಲ್ಡ್ ಬ್ರೆಡ್ಡಿನ ಮೊದಲ ತುಂಡು ಬಾಯಿಗಿಟ್ಟು, ಈ ರುಚಿ ತಂಗಿಯ ಮನೆಯಲ್ಲಿ ಎಲ್ಲಿಂದ ಬರಬೇಕು ಎಂದಳು.

ಅಲ್ಲಿಂದಾಚೆಗೆ ತೋರ್ಡಿಸ್ ಒಂದು ಸುಳ್ಳನ್ನೂ ಹೇಳಿಲ್ಲ. ಯಾರಾದರೂ ನಾರ್ವೆಯ ಹೆಪ್ಪನ್ನು ಹಾಡಿ ಹೊಗಳಿದರೆ, "ಇನ್ನೊಂಚೂರು ಕಾಫಿ ಹಾಕ್ಲಾ?" ಎನ್ನುತ್ತಿದ್ದಳು, ಅಷ್ಟೇ. ನಲವತ್ತೆರಡು ವರ್ಷ ಊರಿಗೆಲ್ಲ ಕಾಫಿ ಕುಡಿಸಿದ್ದಳು.

ಆದರೆ ಲಕೋಟೆಯಲ್ಲಿ ಎರಡನೆಯ ಹಾಳೆಯೊಂದಿತ್ತು. ಹೆಪ್ಪಿನ ಚರಿತ್ರೆಯನ್ನು ಮನೆಯ ಹಿರಿಯರು ಸ್ವಂತ ಕೈಯಲ್ಲಿ ಬರೆದು, ಸಹಿ ಹಾಕಿ, ಜನವರಿ ಐದರೊಳಗೆ ಕಳಿಸಬೇಕಂತೆ. ಬಾಯಿ ಮುಚ್ಚಿಕೊಂಡಿರುವುದು ಬೇರೆ, ಬರೆದು ಸಹಿ ಹಾಕುವುದು ಬೇರೆ. ನಿಜ ಬರೆದರೆ ಹುಡುಗಿಯ ವಿದ್ಯಾರ್ಥಿವೇತನಕ್ಕೆ ಕಲ್ಲು ಬೀಳುತ್ತದೆ. ಬರೆಯದಿದ್ದರೆ ಅವಳು ಅಲ್ಲಿಗೆ ಹೋದ ಮೇಲೆ ಯಾವನೋ ಪ್ರೊಫೆಸರು ಕಂಡುಹಿಡಿದು ಎಲ್ಲರೆದುರು ಅವಳ ಮಾನ ಹೋಗುತ್ತದೆ. ಭಾನುವಾರ ಚರ್ಚಿನಲ್ಲಿ ಪಾದ್ರಿ ಸುದ್ದಿಯನ್ನು ಸಾರಿದರು. ಪಕ್ಕದ ಸಾಲಿನ ಲವೋನ್ ಕಣ್ಣೊರೆಸಿಕೊಂಡು, ಇದನ್ನು ನೋಡಲು ಗುನ್ಹಿಲ್ಡ್ ಇರಬೇಕಿತ್ತು ಎಂದಳು. ಅವಳು ಇಲ್ಲದ್ದಕ್ಕೆ ತೋರ್ಡಿಸ್ ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು.

ಅಂದು ಮಧ್ಯಾಹ್ನ ಮರಿಟ್ ಮುಖ ಸಣ್ಣದು ಮಾಡಿಕೊಂಡು ಅಡುಗೆಮನೆಗೆ ಬಂದು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದಳು.

"ಅಜ್ಜಿ, ಬೇಜಾರು ಮಾಡ್ಕೋಬೇಡ. ಅಕ್ಟೋಬರಿಂದ ಹೇಳೋಕಾಗ್ದೆ ಒದ್ದಾಡ್ತಿದೀನಿ. ನಮ್ಮ ಹೆಪ್ಪು ನಾರ್ವೇದಲ್ಲ. ಪರೀಕ್ಷೆ ಮಾಡ್ಸಿದೆ, ಅಂಗಡಿ ಪೊಟ್ಟಣದ ಕುಲ ಅದು. ಗುನ್ಹಿಲ್ಡ್ ಮುತ್ತಜ್ಜಿ ಯಾವಾಗ್ಲೋ ಅದನ್ನ ಸಾಯಿಸಿ ಯಾರಿಗೂ ಹೇಳಿಲ್ಲ ಅನ್ಸುತ್ತೆ. ಅದನ್ನೇ ಅರ್ಜೀಲಿ ಬರ್ದೆ, ಅವರಿಗೆ ಅದೇ ಹಿಡಿಸ್ತು."

ತೋರ್ಡಿಸಳಿಗೆ ಕಾಫಿ ನೆತ್ತಿಗೇರಿತು. ವಿದ್ಯಾರ್ಥಿವೇತನ ಗಟ್ಟಿ, ಆಪಾದನೆ ಅತ್ತೆಯ ಮೇಲೆ! ಸೊಸೆ ಹೆಚ್ಚಿದ ಆಲೂಗಡ್ಡೆ ದಪ್ಪ, ಒಗೆದ ಬಟ್ಟೆ ಮಾಸಲು, ಹಾಡಿದ ಕೀರ್ತನೆ ಅಪಸ್ವರ ಎಂದು ಸಾಯುವ ತನಕ ಹದಿನಾರು ವರ್ಷ ಮೂಗು ಮುರಿದವಳು ಗುನ್ಹಿಲ್ಡ್. ಈಗ ಸಮಾಧಿಯಿಂದೆದ್ದು ಬಂದು ನಾನಲ್ಲ ಎನ್ನುವಂತಿರಲಿಲ್ಲ. ಒಳ್ಳೆಯ ಹೆಂಗಸು ತೋರ್ಡಿಸ್, ಆದರೂ ಆ ಐದು ನಿಮಿಷ ಪರಮ ಸುಖ ಅನುಭವಿಸಿದಳೆಂಬುದನ್ನು ಮುಚ್ಚಿಡಲಾಗದು.

"ಹೋಗ್ಲಿ ಬಿಡು," ಎಂದಳು ದೊಡ್ಡ ಮನಸ್ಸಿನಿಂದ. "ಅವರೂ ಮನುಷ್ಯರೇ ಅಲ್ವಾ."

ಮರಿಟ್‌ಗೆ ಜೀವ ಬಂದಂತಾಯಿತು. ಒಂದೇ ತೊಡಕೆಂದರೆ ಇಸವಿ ಎಂದಳು. ಅಂದಾಜಿನ ಮೇಲೆ 1940 ಎಂದು ಬರೆದಿದ್ದಾಳೆ. ಹೆಪ್ಪು ಎಷ್ಟು ವರ್ಷದಲ್ಲಿ ಎಷ್ಟು ಬದಲಾಯಿತೆಂಬುದೇ ಸಂಶೋಧನೆಯಾದ್ದರಿಂದ, ಮುಂದಿನ ನಾಲ್ಕು ವರ್ಷದ ಕೆಲಸವೆಲ್ಲ ಆ ಅಂದಾಜಿನ ಮೇಲೇ ನಿಲ್ಲಬೇಕು. ಅಜ್ಜಿಯೂ ಹಾಗೇ ಬರೆದು ಸಹಿ ಹಾಕಿದರೆ ಸಾಕಂತೆ.

ತೋರ್ಡಿಸ್ ಬಟ್ಟಲನ್ನು ಕೆಳಗಿಟ್ಟಳು. ಅತ್ತೆಯ ಹೆಸರು ಕೆಟ್ಟರೆ ಅವಳಿಗೆ ನಿದ್ದೆ ಬರುತ್ತಿತ್ತು. ಹುಡುಗಿಯ ಓದು ಕೆಟ್ಟರೆ ಬರುತ್ತಿರಲಿಲ್ಲ.

"ನಲವತ್ತಲ್ಲ ಮಗಾ. ಎಂಬತ್ಮೂರನೇ ಇಸವಿ, ಜನವರಿ ಹತ್ತೊಂಬತ್ತು, ಬುಧವಾರ. ಬೆಳಿಗ್ಗೆ ಹತ್ತೂಕಾಲು."

"ನಿಂಗೆ ಹೆಂಗ್ಗೊತ್ತು?"

"ಓವನ್ ಹಚ್ಚಿದೋಳು ನಾನೇ."

ಎಲ್ಲವನ್ನೂ ಹೇಳಿ ಮುಗಿಸಿ, ಬೈಗುಳಕ್ಕಾಗಿ ತಲೆ ತಗ್ಗಿಸಿ ಕಾದಳು. ಮರಿಟ್ ಪೆನ್ಸಿಲ್ ಹುಡುಕುತ್ತಿದ್ದಳು. ಪೊಟ್ಟಣ ಒಂದೋ ಎರಡೋ, ಹಾಲು ಎಷ್ಟು ದಿನದ್ದು, ಹಿಟ್ಟು ರೈ ಧಾನ್ಯದ್ದೋ ಗೋಧಿಯದೋ ಎಂದು ಕೇಳುತ್ತ ಗೀಚತೊಡಗಿದಳು. ಗಂಟೆ ಸಮೇತ ಹುಟ್ಟಿದ ದಿನ ಗೊತ್ತಿರುವ ಹೆಪ್ಪು ಯಾರ ಬಳಿಯೂ ಇಲ್ಲವಂತೆ, ಪ್ರೊಫೆಸರು ಕುಣಿದಾಡುತ್ತಾರಂತೆ.

"ನಂಗೆ ಬೈಯೋದಿಲ್ವಾ?" ಎಂದು ತೋರ್ಡಿಸ್ ಕೇಳಿದಳು, ಸ್ವಲ್ಪ ನಿರಾಸೆಯಿಂದಲೇ.

"ಯಾಕೆ ಬೈಲಿ? ಪೊಟ್ಟಣದಲ್ಲಿದ್ದ ಹಾಗೆ ಅದು ಈಗಿಲ್ಲ ಅಜ್ಜಿ, ಬೇರೇನೇ ಆಗೋಗಿದೆ. ಇಂಥದ್ದು ಇನ್ನೆಲ್ಲೂ ಇಲ್ಲ, ಈ ಅಡುಗೆಮನೇಲಿ ಮಾತ್ರ. ದಿನಾ ಹಿಟ್ಟು ಹಾಕಿ ಸಾಕಿದೋಳು ನೀನಲ್ವಾ?"

ಮರಿಟ್ ಅರ್ಜಿಯ ಪ್ರತಿಯನ್ನು ತೆಗೆದು, ಹೆಪ್ಪಿನ ಹೆಸರೆಂದು ಬರೆದಿದ್ದಲ್ಲಿ ಗುನ್ಹಿಲ್ಡಳನ್ನು ಹೊಡೆದು ಹಾಕಿ ತೋರ್ಡಿಸ್ ಎಂದು ಬರೆದಳು. ಕದ್ದ ಮಾಲೆಂದು ಇಷ್ಟು ವರ್ಷ ಹೆದರಿ ಹೆದರಿ ಸಾಕಿದ್ದು ತನ್ನದೇ ಎಂದಾಗ ತೋರ್ಡಿಸಳಿಗೆ ಅಳು ತಡೆಯಲಾಗಲಿಲ್ಲ. ಹೆಸರೆಲ್ಲ ಹಾಕಬೇಡ, ಊರವರು ಜಂಬ ಅಂದುಕೊಳ್ಳುತ್ತಾರೆ ಎಂದು ಬಿಕ್ಕುತ್ತಲೇ ಹೇಳಿದಳು. ಮರಿಟ್ ಸರಿಯೆಂದು ರಬ್ಬರ್ ಎತ್ತಿಕೊಂಡಳು.

ತೋರ್ಡಿಸ್ ಅವಳ ಕೈ ಹಿಡಿದಳು.

"ಇರ್ಲಿ ಬಿಡು. ನನ್ನ ಪೂರ್ತಿ ಹೆಸರೇ ಬರಿ. ಚರ್ಚಲ್ಲಿ ಇನ್ನೊಬ್ಳು ತೋರ್ಡಿಸ್ ಇದಾಳೆ."