ಶಾಯಿಯ ಕೆಳಗಿನ ಚುಕ್ಕೆ

ನಾನು ಗಾಜು, ಆಕಾಶದ ಚಿತ್ರ ಹಿಡಿಯುವ ಪ್ಲೇಟು. ಹುಟ್ಟಿದ್ದು ಕತ್ತಲೆಯಲ್ಲಿ. ಬೆಳ್ಳಿಯ ಲವಣ ಕಲಸಿದ ಅಂಟನ್ನು ನನ್ನ ಒಂದು ಮುಖಕ್ಕೆ ತೆಳ್ಳಗೆ ಬಳಿದು, ಕಪ್ಪು ಕಾಗದ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಒಂದೆಳೆ ಬೆಳಕು ನುಸುಳಿದರೂ ನನ್ನ ಕಥೆ ಮುಗಿಯುತ್ತಿತ್ತು. ಭಯ ನನಗೆ ಹುಟ್ಟಿನಿಂದಲೇ ಬಂದದ್ದು.

ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ನನ್ನನ್ನು ಮೊದಲು ಎತ್ತಿಕೊಂಡವನು ಕತ್ತಲೆಕೋಣೆಯ ಮುನಿವೆಂಕಟಪ್ಪ. ಅಲ್ಲಿ ದೀಪ ಹಚ್ಚುವಂತಿಲ್ಲ. ಅಂಟಿನ ಮುಖ ಯಾವುದೆಂದು ತಿಳಿಯಲು ಅವನು ನನ್ನ ಮೂಲೆಯನ್ನು ಕೆಳತುಟಿಗೆ ತಾಗಿಸಿದ. ಒದ್ದೆ ತುಟಿ ಅಂಟಿಕೊಂಡಿತು, ಅದೇ ಅಂಟಿನ ಮುಖ. ಆ ಮುಖವನ್ನೇ ಆಕಾಶಕ್ಕೆ ತಿರುಗಿಸಿ ದೂರದರ್ಶಕಕ್ಕೆ ಸಿಕ್ಕಿಸಿದ.

ಎರಡು ಗಂಟೆ ನಾನು ಒಂದು ಕುಬ್ಜ ಗೆಲಾಕ್ಸಿಯನ್ನು, ನಕ್ಷತ್ರಗಳ ಪುಟ್ಟ ಸಂಸಾರವನ್ನು, ನೋಡಿದೆ. ಚಿಟಿಕೆ ಹಿಟ್ಟು ಚೆಲ್ಲಿದಂತಿತ್ತು. ಅಂಥವುಗಳ ಬಾಳನ್ನು ಖಗೋಳಜ್ಞ ಹಿರಣ್ಣಯ್ಯನವರು ಮುನಿವೆಂಕಟಪ್ಪನಿಗೆ ವಿವರಿಸುತ್ತಿದ್ದರು. ಅನಿಲವೇ ಅವುಗಳ ಸೌದೆ. ಇದ್ದಷ್ಟರಲ್ಲಿ ಕೆಲವು ನಕ್ಷತ್ರ ಹೊತ್ತಿಸುತ್ತವೆ. ದೊಡ್ಡ ನಕ್ಷತ್ರಗಳು ಬೇಗ ಸಿಡಿದು, ಉಳಿದ ಅನಿಲವನ್ನೂ ಹೊರಗೆ ಊದಿಬಿಡುತ್ತವೆ. ಹಿಡಿದಿಟ್ಟುಕೊಳ್ಳಲು ಕುಬ್ಜನಿಗೆ ಬಲ ಸಾಲದು, ಒಲೆ ಆರುತ್ತದೆ. ಅನಿಲ ಮರಳಿದರೆ ಕೋಟ್ಯಂತರ ವರ್ಷಗಳ ಮೇಲೂ ಮತ್ತೆ ಹೊತ್ತಬಹುದು. ಮರಳದೆಯೂ ಇರಬಹುದು.

ಈ ಗೆಲಾಕ್ಸಿಯ ಒಲೆ ಆರಿ ನೂರಾರು ಕೋಟಿ ವರ್ಷವಾಯಿತೆಂದು ಎಲ್ಲರೂ ನಂಬಿದ್ದರು. ನನ್ನನ್ನು ತೊಳೆದು ಚಿತ್ರ ಮೂಡಿಸಿದ ಮೇಲೆ, ಹಿರಣ್ಣಯ್ಯನವರು ಮಾತ್ರ ಅದರ ಅಂಚಿನಲ್ಲಿ ಹೊಸ ಚುಕ್ಕೆ ಕಂಡೆನೆಂದು, ನನ್ನ ಮೇಲೆ ಅದರ ಸುತ್ತ ಕಪ್ಪು ಶಾಯಿಯಲ್ಲಿ ಬಳೆ ಬರೆದರು. ಬರೆಯುವಾಗ ಒಂದು ಹನಿ ಬಳೆಯ ನಡುವೆಯೇ ಬಿತ್ತು. ಪ್ಲೇಟಿನಲ್ಲಿ ನಕ್ಷತ್ರಗಳೂ ಕಪ್ಪಗೇ ಮೂಡುತ್ತವೆ.

“ನಕ್ಷತ್ರ ಹುಟ್ಟಿದ್ದು ನಿಮ್ಮ ಪೆನ್ನಲ್ಲಿ ಸ್ವಾಮಿ” ಎಂದು ಜೊತೆಯವರು ಹಾಸ್ಯ ಮಾಡಿದರು. ಒರೆಸಿ ತೋರಿಸಿ ಎಂದರು. ಹಿರಣ್ಣಯ್ಯನವರು ಒರೆಸಲಿಲ್ಲ. ಕೆಳಗೆ ಏನೂ ಇಲ್ಲದಿದ್ದರೆ ಎಂಬ ಭಯ ಅವರಿಗೂ ಇತ್ತು. ನನ್ನನ್ನು ಲಕೋಟೆಗೆ ಹಾಕಿದರು. ಕೆಲವು ವರ್ಷಗಳಲ್ಲಿ ತೀರಿಕೊಂಡರು.

ನಲವತ್ತಾರು ವರ್ಷ ಕಬ್ಬಿಣದ ಕಪಾಟಿನಲ್ಲಿದ್ದೆ. ಪಕ್ಕದ ಪ್ಲೇಟುಗಳು ಒಂದೊಂದಾಗಿ ಸೀಳುಬಿಡುವ ಸದ್ದು ಕೇಳುತ್ತಿತ್ತು. ಶಾಯಿಯ ಕೆಳಗೆ ಏನಿದೆಯೆಂದು ನನಗೂ ಗೊತ್ತಿರಲಿಲ್ಲ. ಗಾಜಿಗೆ ತನ್ನ ಮೈ ಕಾಣುವುದಿಲ್ಲ.

ಆಮೇಲೆ ಸಂಶೋಧಕಿ ವಾಗ್ದೇವಿ ಬಂದಳು. ಇಂದಿನ ದೂರದರ್ಶಕಗಳಲ್ಲಿ ಆ ಜಾಗ ಖಾಲಿ. ಅಂದು ಅಲ್ಲಿ ಹೊಳೆದದ್ದು ನಿಜವಾಗಿಯೂ ನಕ್ಷತ್ರವಾದರೆ, ಅದು ದೊಡ್ಡದು, ಅಲ್ಪಾಯುಷಿ, ಈಗ ಸತ್ತಿದೆ. ಅಂದರೆ ಒಲೆ ಆಕಾಶದ ಲೆಕ್ಕದಲ್ಲಿ ಮೊನ್ನೆಮೊನ್ನೆ ಮತ್ತೆ ಹೊತ್ತಿತ್ತು. ಅವಳ ಐದು ವರ್ಷದ ಕೆಲಸ ಈ ಒಂದು ಚುಕ್ಕೆಯ ಮೇಲೆ ನಿಂತಿತ್ತು. ಶಾಯಿ ಒರೆಸಲೇಬೇಕು. ಹಿರಣ್ಣಯ್ಯನವರು ಅಂಟಿನ ಕಡೆಗೇ ಬರೆದಿದ್ದರೆ, ಶಾಯಿಯ ಜೊತೆ ಆಕಾಶವೂ ಎದ್ದುಬರುತ್ತದೆ. ಅವಳು ಮುನಿವೆಂಕಟಪ್ಪನನ್ನು ಹುಡುಕಿ ಕರೆಸಿದಳು. ಮುದುಕನಾಗಿದ್ದ.

“ಬರೆದಿರೋ ಕಡೆ ತುಟಿಗಿಕ್ಕಮ್ಮ” ಎಂದ.

ಇಟ್ಟಳು. ಅಂಟಲಿಲ್ಲ. ಅದು ಬರಿಯ ಗಾಜು.

ಸ್ಪಿರಿಟ್ ಬಟ್ಟೆ ಹಿಡಿದ ಕೈ ನಡುಗಿತು. “ತಾತ, ನೀವೇ ಒರೆಸಿಬಿಡಿ.”

“ನನ್ ಕೈ ವಯಸ್ಸಿಗೆ ನಡುಗ್ತೈತೆ, ನಿಂದು ಭಯಕ್ಕೆ. ಭಯದ ಕೈಯೇ ವಾಸಿ ಕಣಮ್ಮ.”

ಬಳೆ ಅಳಿಸಿಹೋಯಿತು. ಹನಿಯ ಮೇಲೆ ಬಟ್ಟೆ ಬಂತು. ಅಷ್ಟು ಭಯ ನನಗೆ ಕತ್ತಲೆಕೋಣೆಯಲ್ಲೂ ಆಗಿರಲಿಲ್ಲ. ಬಟ್ಟೆ ಸರಿಯಿತು. ಅವಳು ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿಯೇ ಇದ್ದಳು.

“ಐತಾ?” ಎಂದ ಮುದುಕ.

“ಇದೆ.” ಮತ್ತೆ ನಿಧಾನವಾಗಿ ಹೇಳಿದಳು: “ಇತ್ತು.”

ನನ್ನ ನಕಲು ಈಗ ಕಂಪ್ಯೂಟರಿನಲ್ಲಿದೆ. ನಾನು ಮತ್ತೆ ಕಪಾಟಿನಲ್ಲಿದ್ದೇನೆ. ಚುಕ್ಕೆಯ ಸುತ್ತ ಬಳೆಯಿಲ್ಲ. ನೋಡೆಂದು ತೋರಿಸುವ ಗುರುತಿಲ್ಲ. ಕೆಲಸ ಮುಗಿದ ಗಾಜನ್ನು ಏನು ಮಾಡುತ್ತಾರೋ ತಿಳಿಯದು. ಬಾಗಿಲ ಸದ್ದಾದಾಗ ಈಗಲೂ ಹೆದರುತ್ತೇನೆ. ಆದರೆ ಸತ್ತ ಒಂದು ನಕ್ಷತ್ರ ಇತ್ತೆಂಬುದಕ್ಕೆ ನಾನೇ ಸಾಕ್ಷಿ. ಒಡೆಯಬಾರದು.